ಡಬ್ಲಿನ್ ಬಸ್ಸಿನ ಬೋರ್ಡು ಮತ್ತು ನಮ್ಮ ದಾಕ್ಷಿಣ್ಯ

ಡಬ್ಲಿನ್‌ಗೆ ಬಂದ ಮೊದಲ ವಾರ. ಸಿಟಿ ಕಡೆ ಹೋಗಬೇಕಿತ್ತು. ಸ್ಟಾಪಿನಲ್ಲಿ ನಿಂತಿದ್ದೆ. ಬಂದ ಬಸ್ಸಿನ ಹಣೆಯ ಮೇಲೆ ಅಕ್ಷರ ಓಡುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು 'ಅನ್ ಲಾರ್' ಅನ್ನೋ ಎರಡು ಪದ ಮಾತ್ರ. ಯಾವುದೋ ಊರಿರಬೇಕು, ನಮಗ್ಯಾಕೆ ಅಂತ ಬಿಟ್ಟೆ. ಹಿಂದೆ ಬಂದದ್ದೂ ಅನ್ ಲಾರ್. ಅದನ್ನೂ ಬಿಟ್ಟೆ. ಇದೆಂಥ ಊರಪ್ಪಾ, ಎಲ್ಲ ಬಸ್ಸೂ ಅಲ್ಲಿಗೇ ಹೋಗುತ್ತವಲ್ಲ ಅಂದುಕೊಳ್ಳುವಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಹೇಳಿದೆ. ಅವರು ನಕ್ಕುಬಿಟ್ಟರು. ಅನ್ ಲಾರ್ ಅಂದರೆ ಐರಿಶ್ ಭಾಷೆಯಲ್ಲಿ ನಡುಭಾಗ, ಅಂದರೆ ಸಿಟಿ ಸೆಂಟರ್. ನಾನು ಹೋಗಬೇಕಿದ್ದ ಜಾಗವೇ.

ತಿಪಟೂರಿನಿಂದ ಹೊರಡುವಾಗ ಎಲ್ಲರಿಗೂ ಒಂದೇ ಮಾತು ಹೇಳಿ ಬಂದಿದ್ದೆ. 'ಜರ್ಮನಿ ಆಗಿದ್ರೆ ಭಾಷೆ ಕಲೀಬೇಕಿತ್ತು. ಐರ್ಲೆಂಡ್ ಅಲ್ವಾ, ಇಂಗ್ಲಿಷ್ ದೇಶ, ಏನೂ ತೊಂದ್ರೆ ಇಲ್ಲ.' ಆ ಮಾತು ಸುಳ್ಳೇನಲ್ಲ. ಅಂದಿನಿಂದಲೂ ಇಂಗ್ಲಿಷಿನಲ್ಲೇ ಇಲ್ಲಿ ನನ್ನ ಬದುಕು ಸಾಗುತ್ತಿದೆ. ಆದರೆ ಇಲ್ಲಿಯ ಸಂವಿಧಾನ ತೆರೆದರೆ ಬೇರೆಯೇ ಕಥೆ. 1937ರ ಆ ಸಂವಿಧಾನದ 8ನೇ ವಿಧಿ ಐರಿಶ್ ಭಾಷೆಯನ್ನು ರಾಷ್ಟ್ರಭಾಷೆ ಎನ್ನುತ್ತದೆ, ಮೊದಲನೇ ಅಧಿಕೃತ ಭಾಷೆ ಎನ್ನುತ್ತದೆ. ಇಂಗ್ಲಿಷ್ ಎರಡನೆಯದು. ಬರೀ ಗೌರವಕ್ಕೆ ಹೇಳಿದ ಮಾತಲ್ಲ ಇದು. ಸಂವಿಧಾನದ ಎರಡು ಪಠ್ಯಗಳಲ್ಲಿ ವ್ಯತ್ಯಾಸ ಬಂದರೆ ಐರಿಶ್ ಪಠ್ಯದ ಮಾತೇ ನಡೆಯಬೇಕು. ವ್ಯತ್ಯಾಸ ಇದೆ ಕೂಡ. ಅಧ್ಯಕ್ಷರಾಗುವವರು ತಮ್ಮ 35ನೇ ವರ್ಷ ಮುಟ್ಟಿರಬೇಕು ಅಂತ ಇಂಗ್ಲಿಷಿನಲ್ಲಿದೆ. ಅಂದರೆ 34 ತುಂಬಿ 35ಕ್ಕೆ ಬಿದ್ದರೂ ಸಾಕು. ಐರಿಶ್‌ನಲ್ಲಿ 35 ತುಂಬಿರಬೇಕು ಅಂತಿದೆ. ಹಾಗಾಗಿ ತುಂಬಿರಲೇಬೇಕು. ನಮ್ಮೂರಲ್ಲಿ ಜಾತಕ ಬರೆಸುವಾಗ 'ನಡೀತಿರೋದಾ, ತುಂಬಿದ್ದಾ' ಅಂತ ಕೇಳುತ್ತಾರಲ್ಲ, ಅದೇ ಜಗಳ.

ಇಂಗ್ಲಿಷ್ ಅಧಿಕೃತ ಅನ್ನೋ ಈ ವಿಷಯವೇ ಒಂದು ಥರ ವಿಚಿತ್ರ. ಇಂಗ್ಲಿಷ್ ಹುಟ್ಟಿದ ಬ್ರಿಟನ್‌ನಲ್ಲಿ ಇದೇ ನಮ್ಮ ಅಧಿಕೃತ ಭಾಷೆ ಅಂತ ಇಡೀ ದೇಶಕ್ಕೆ ಒಂದು ಕಾನೂನಿಲ್ಲ. ಅಮೆರಿಕದಲ್ಲಿ 2025ರ ಮಾರ್ಚ್‌ವರೆಗೆ ದೇಶದ ಮಟ್ಟದಲ್ಲಿ ಅಂಥದ್ದೇನೂ ಇರಲಿಲ್ಲ, ಆಮೇಲೆ ಅಧ್ಯಕ್ಷರ ಆದೇಶ ಬಂತು. ನ್ಯೂಜಿಲೆಂಡ್‌ನಲ್ಲಿ 1987ರಲ್ಲಿ ಮಾವೋರಿಗೆ, 2006ರಲ್ಲಿ ಸನ್ನೆ ಭಾಷೆಗೆ ಕಾನೂನು ಮಾಡಿದರು. ಆಗೆಲ್ಲ ಇಂಗ್ಲಿಷಿಗೆ ಅಂಥ ಕಾನೂನೇ ಇರಲಿಲ್ಲ, ಅದರ ಅಗತ್ಯವೂ ಯಾರಿಗೂ ಕಂಡಿರಲಿಲ್ಲ. ಆ ಕಡೆ ನಮೀಬಿಯಾ ನೋಡಿ. 1990ರಲ್ಲಿ ಸ್ವತಂತ್ರ ಆದಾಗ ಇಂಗ್ಲಿಷ್ ಒಂದನ್ನೇ ಅಧಿಕೃತ ಭಾಷೆ ಮಾಡಿಕೊಂಡರು. ಅಲ್ಲಿ ಮನೆಯಲ್ಲಿ ಇಂಗ್ಲಿಷ್ ಆಡುವವರು ಬೆರಳೆಣಿಕೆಯಷ್ಟು. ಬಿಳಿಯರ ಆಳ್ವಿಕೆಯ ನೆನಪು ಅಂಟಿದ್ದ ಆಫ್ರಿಕಾನ್ಸ್ ಬೇಡವಾಗಿತ್ತು, ಅದಕ್ಕೆ ಇದನ್ನು ತಂದರು. ಯಾರ ಮನೆಯದ್ದೂ ಅಲ್ಲದ ಭಾಷೆ ಯಾರಿಗೂ ನೋವು ಮಾಡಲ್ಲ ಅನ್ನೋ ಲೆಕ್ಕ.

ಅಂತೂ ಗಟ್ಟಿಯಾಗಿ ನಿಂತ ಕಡೆ ಭಾಷೆಗೆ ಕಾನೂನಿನ ಕಾಗದ ಬೇಕಾಗಿಲ್ಲ. ಕಾಗದ ಬೇಕಾಗೋದು ಕಾಲು ಅಲುಗಾಡುವಾಗ. ಐರಿಶ್ ಹತ್ತಿರ ಎಷ್ಟು ಕಾಗದ ಇದೆ ಅಂತೀರಿ! ರಸ್ತೆ ಬೋರ್ಡಿನಲ್ಲಿ ಮೊದಲು ಓರೆ ಅಕ್ಷರದಲ್ಲಿ ಐರಿಶ್, ಕೆಳಗೆ ಇಂಗ್ಲಿಷ್. ಪ್ರಧಾನಿಯನ್ನು ಇಂಗ್ಲಿಷ್ ಸುದ್ದಿಯಲ್ಲೂ 'ಟೀಶಕ್' ಅಂತಲೇ ಕರೆಯುತ್ತಾರೆ. ಪೊಲೀಸರು 'ಗಾರ್ಡಾ'. 1972ರಿಂದ ಐರಿಶ್ ರೇಡಿಯೋ ಇದೆ, 1996ರಿಂದ ಟಿವಿ ಚಾನೆಲ್ ಇದೆ. 2003ರಲ್ಲಿ ಅಧಿಕೃತ ಭಾಷೆಗಳ ಕಾಯ್ದೆ ಬಂತು. 2007ರಿಂದ ಯುರೋಪಿಯನ್ ಒಕ್ಕೂಟದಲ್ಲೂ ಅದು ಅಧಿಕೃತ, 2022ರಿಂದ ಅಲ್ಲಿಯ ಕಾಗದಪತ್ರಗಳೆಲ್ಲ ಐರಿಶ್‌ಗೂ ಅನುವಾದ ಆಗಬೇಕು. ಶಾಲೆಯಲ್ಲಂತೂ ಒಂದನೇ ಕ್ಲಾಸಿಗೆ ಮುಂಚೆಯೇ ಶುರು, ಕೊನೆವರೆಗೂ ಕಡ್ಡಾಯ. 1973ರವರೆಗೆ ಐರಿಶ್‌ನಲ್ಲಿ ಫೇಲಾದರೆ ಶಾಲೆ ಮುಗಿಸುವ ಇಡೀ ಪರೀಕ್ಷೆಯೇ ಫೇಲು. ನಮ್ಮಲ್ಲಿ ಇಂಥದ್ದರಲ್ಲಿ ಕಾಲು ಭಾಗ ತಂದರೂ ಕೋರ್ಟಿಗೆ ಹೋಗುತ್ತಾರೆ. ಹೋಗಿಯೂ ಇದ್ದರು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಮಾಧ್ಯಮ ಕಡ್ಡಾಯ ಅಂದ ಕರ್ನಾಟಕದ ಆದೇಶ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು.

ಇಷ್ಟೆಲ್ಲ ಮಾಡಿ ಏನಾಯಿತು? 2022ರ ಜನಗಣತಿಯಲ್ಲಿ 18 ಲಕ್ಷ 73 ಸಾವಿರ ಜನ ತಮಗೆ ಐರಿಶ್ ಬರುತ್ತೆ ಎಂದರು. ಸುಮಾರು 40%. ಶಾಲೆಯ ಹೊರಗೆ ದಿನಾ ಮಾತಾಡುತ್ತೇವೆ ಎಂದವರು 71,968. ನಮ್ಮ ತಿಪಟೂರಿನಂಥ ಒಂದು ಊರಿನಲ್ಲಿ ಹಿಡಿಸುವಷ್ಟು ಜನ.

ಪಕ್ಕದ ಮನೆಯ ಯಜಮಾನರಿಗೆ 70 ದಾಟಿದೆ. ಶಾಲೆಯಲ್ಲಿ 13 ವರ್ಷ ಐರಿಶ್ ಕಲಿತವರು. ಒಂದು ವಾಕ್ಯ ಹೇಳಿ ನೋಡೋಣ ಎಂದೆ. ಬೇಲಿಯ ಆ ಕಡೆ ಎದೆಯುಬ್ಬಿಸಿ ನಿಂತು ಹೇಳಿದರು: 'ಅನ್ ವಿಲ್ ಕ್ಯಾದ್ ಅಗಮ್ ದುಲ್ ಗುಜೀ ಅನ್ ಲೆಹ್ರಸ್?' ಅರ್ಥ ಏನು ಅಂದರೆ, ನಾನು ಟಾಯ್ಲೆಟ್‌ಗೆ ಹೋಗಬಹುದಾ ಸಾರ್? ಇಡೀ ದೇಶಕ್ಕೆ ಈ ಒಂದು ವಾಕ್ಯ ಬಾಯಿಪಾಠ. ಆಫೀಸಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳಿ ನಗುತ್ತಾರೆ. 13 ವರ್ಷಕ್ಕೆ ಒಂದು ವಾಕ್ಯ.

ಇದನ್ನು ಕೇಳಿ ಐರಿಶ್ ಯಾವುದೋ ಕಬ್ಬಿಣದ ಕಡಲೆ ಅಂದುಕೊಳ್ಳಬೇಡಿ. ನಮಗೆ ಅದು ಅಷ್ಟೊಂದು ದೂರದ್ದಲ್ಲ. ಇದು ನನಗೆ ಗೊತ್ತಾದದ್ದು ಮಗಳಿಂದ. ಅವಳು 3ನೇ ಕ್ಲಾಸು. ಇಲ್ಲಿ ಓದುವ ಮಕ್ಕಳು ಐರಿಶ್ ಕಲಿಯಲೇಬೇಕು, ಇಂಡಿಯಾದಿಂದ ಬಂದವರು ಅಂತ ರಿಯಾಯಿತಿ ಇಲ್ಲ. 12 ವರ್ಷದವರೆಗೆ ಹೊರದೇಶದಲ್ಲಿ ಓದಿ ಬಂದವರಿಗೆ ವಿನಾಯಿತಿ ಇದೆ. ಅವಳ ಹೋಂವರ್ಕ್ ನೋಡುತ್ತಾ ನನಗೂ ಸ್ವಲ್ಪ ಬಂತು. ಎಣಿಕೆಯಲ್ಲಿ ಎರಡಕ್ಕೆ 'ದೋ', ಮೂರಕ್ಕೆ 'ತ್ರೀ', ಎಂಟಕ್ಕೆ 'ಓಖ್ಟ್', ಹತ್ತಕ್ಕೆ 'ದೆಹ್'. ಸಂಸ್ಕೃತದ ದೂರದ ನೆಂಟ ಅಂತ ಕೇಳಿದರೇ ಗೊತ್ತಾಗುತ್ತೆ. ಆದರೆ ಮಾತು ಕಟ್ಟುವ ರೀತಿ ಇದೆಯಲ್ಲ, ಅದು ನಮ್ಮ ಮನೆಯದ್ದೇ. 'ನಾನು ಪುಸ್ತಕ ಹೊಂದಿದ್ದೇನೆ' ಅಂತ ಕನ್ನಡದಲ್ಲಿ ಯಾರು ಮಾತಾಡುತ್ತಾರೆ? ನನ್ನ ಹತ್ರ ಪುಸ್ತಕ ಇದೆ ಅಂತೀವಿ. ಐರಿಶ್‌ನಲ್ಲೂ ಅಷ್ಟೇ, ಪುಸ್ತಕ ನನ್ನ ಹತ್ತಿರ 'ಇರುತ್ತದೆ'. ಹಸಿವು ನಮಗೆ ಆಗುತ್ತೆ, ಅವರಿಗೆ ಅದು ಮೇಲೆ ಬಂದು ಕೂರುತ್ತೆ. 'ಟಾ ಓಕ್ರಸ್ ಓರಮ್', ಅಂದರೆ ನನ್ನ ಮೇಲೆ ಹಸಿವಿದೆ. ಇನ್ನೂ ಒಂದು. ಐರಿಶ್‌ನಲ್ಲಿ ಇಂಗ್ಲಿಷಿನ ಎಸ್, ನೋ ಥರದ ಪದಗಳೇ ಇಲ್ಲ. ಬರ್ತೀಯಾ ಅಂದರೆ ಬರ್ತೀನಿ, ತಿಂದ್ಯಾ ಅಂದರೆ ತಿಂದೆ. ನಾವು ಉತ್ತರ ಕೊಡುವುದೂ ಜಾಸ್ತಿ ಹೀಗೇ ಅಲ್ವಾ? ಇಲ್ಲಿಯವರ ಇಂಗ್ಲಿಷಿನಲ್ಲೂ ಆ ಚಾಳಿ ಉಳಿದಿದೆ. 'ಚಳಿ ಇದೆಯಾ' ಅಂದರೆ ಎಸ್ ಅನ್ನದೆ 'ಇದೆ' ಅನ್ನುವಂತೆ ಉತ್ತರ ಕೊಡುತ್ತಾರೆ. ಭಾಷೆ ಹೋದರೂ ಅದರ ನಡಿಗೆ ಇವರ ಕಾಲಿನಲ್ಲಿ ಉಳಿದುಬಿಟ್ಟಿದೆ.

ಭಾಷೆ ಹೋದದ್ದು ಹೇಗೆ ಅಂತ ಕೇಳಿದರೆ ಎಲ್ಲರೂ ಬ್ರಿಟಿಷರ ಕಡೆ ಕೈ ತೋರಿಸುತ್ತಾರೆ. ತೋರಿಸಲೇಬೇಕು. 1831ರಲ್ಲಿ ಶುರುವಾದ ಸರ್ಕಾರಿ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲಿ. 1845ರಲ್ಲಿ ಆಲೂಗೆಡ್ಡೆಗೆ ರೋಗ ಬಿತ್ತು, ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಜಾಸ್ತಿ ಪೆಟ್ಟು ಬಿದ್ದದ್ದು ಐರಿಶ್ ಮಾತಾಡುತ್ತಿದ್ದ ಪಶ್ಚಿಮದ ಬಡವರಿಗೆ. ಆದರೆ ಇದರಲ್ಲಿ ಇನ್ನೊಂದು ಎಳೆ ಇದೆ. ಮಗುವಿನ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಶ್ ಮಾತಾಡಿದಾಗೆಲ್ಲ ಅದರಲ್ಲಿ ಒಂದು ಗೀರು. ಸಂಜೆ ಗೀರು ಎಣಿಸಿ ಏಟು. ಮನೆಯಲ್ಲಿ ಗೀರು ಹಾಕುತ್ತಿದ್ದವರು ಅಪ್ಪ ಅಮ್ಮಂದಿರೇ. ಮಗು ಅಮೆರಿಕಕ್ಕೆ ಹೋಗಬೇಕು, ಅಲ್ಲಿ ಇಂಗ್ಲಿಷ್ ಬೇಕು. ಐರಿಶರ ದೊಡ್ಡ ನಾಯಕ ಡೇನಿಯಲ್ ಒ'ಕಾನೆಲ್ ಸ್ವತಃ ಐರಿಶ್ ಮನೆಮಾತಿನವರು. ಇಂಗ್ಲಿಷಿನಿಂದ ಉಪಯೋಗ ಜಾಸ್ತಿ, ಐರಿಶ್ ಮೆಲ್ಲಗೆ ಬಿಟ್ಟುಹೋದರೆ ತನಗೇನೂ ಬೇಜಾರಿಲ್ಲ ಅಂದಿದ್ದರು.

ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕೋಲಿರಲಿಲ್ಲ. ಒಂದು ಕನ್ನಡ ಮಾತಿಗೆ 50 ಪೈಸೆ ದಂಡ ಇತ್ತು. ವಸೂಲಿ ಮಾಡಲು ಕ್ಲಾಸಿನಲ್ಲೇ ಒಬ್ಬ ಲೀಡರ್. ಅಪ್ಪ ಬೈಯದೆ ಚಿಲ್ಲರೆ ಕೊಟ್ಟು ಕಳಿಸುತ್ತಿದ್ದರು. ಫೀಸಿನ ಜೊತೆ ಇದೂ ಒಂದು ಅನ್ನೋ ಥರ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಗಾಲ್ವೇ ಆಚೆ ಕನಮಾರಾ ಕಡೆ ಹೋಗಿದ್ದೆವು. ಅದು ಗೇಲ್ಟಖ್ಟ್, ಐರಿಶ್ ಇನ್ನೂ ಮನೆಮಾತಾಗಿ ಉಳಿದಿರುವ ಪ್ರದೇಶ. ಸ್ಪಿಡಲ್ ಅನ್ನೋ ಸಣ್ಣ ಊರಿನಲ್ಲಿ ಅಂಗಡಿಯೊಂದಕ್ಕೆ ಹೋದೆವು. ಕೌಂಟರಿನ ಈ ಕಡೆ ಒಬ್ಬರು, ಆ ಕಡೆ ಒಬ್ಬರು ಹೆಂಗಸರು ಐರಿಶ್‌ನಲ್ಲಿ ಜೋರಾಗಿ ಹರಟುತ್ತಿದ್ದರು. ಕೇಳಲು ಎಷ್ಟು ಚೆನ್ನಾಗಿತ್ತು! ನಮ್ಮ ಮುಖ ಕಂಡದ್ದೇ ತಡ, ಇಬ್ಬರೂ ಮಾತಿನ ನಡುವೆಯೇ ಇಂಗ್ಲಿಷಿಗೆ ತಿರುಗಿದರು. ನಮ್ಮ ಜೊತೆ ಮಾತ್ರ ಅಲ್ಲ, ಅವರವರ ಹರಟೆಯನ್ನೂ ಇಂಗ್ಲಿಷಿನಲ್ಲೇ ಮುಂದುವರಿಸಿದರು. ನಮಗೆ ಬೇಜಾರಾಗಬಾರದಲ್ಲ. ಮಗಳು ಶಾಲೆಯಲ್ಲಿ ಕಲಿತ ಐರಿಶ್‌ನಲ್ಲಿ ಐಸ್‌ಕ್ರೀಮ್ ಕೇಳಬೇಕು ಅಂತ ದಾರಿಯುದ್ದಕ್ಕೂ ಪ್ರಾಕ್ಟೀಸ್ ಮಾಡಿಕೊಂಡು ಬಂದಿದ್ದಳು. ಕೇಳಿದಳು. ಅಂಗಡಿಯವರಿಗೆ ತುಂಬ ಖುಷಿಯಾಯಿತು. ಆ ಖುಷಿಯಲ್ಲಿ ಉತ್ತರವನ್ನೂ ಇಂಗ್ಲಿಷಿನಲ್ಲೇ ಕೊಟ್ಟರು. 'ವೆನಿಲಾನಾ, ಸ್ಟ್ರಾಬೆರಿನಾ?'

ವಾಪಸ್ ಬರುವಾಗ ಕಾರಿನಲ್ಲಿ ಹೆಂಡತಿ ಅಂದಳು, 'ಥೇಟ್ ನಮ್ಮವರೇ ಕಣ್ರೀ.'

ಹೌದಲ್ಲ! ಡಬ್ಲಿನ್‌ನಲ್ಲಿ ನಮ್ಮ ಯುಗಾದಿ ಊಟಕ್ಕೆ 11 ಜನ ಸೇರಿದ್ದೆವು ಅಂದುಕೊಳ್ಳಿ. 10 ಜನ ಕನ್ನಡದವರು, ಒಬ್ಬರು ಗುಂಟೂರಿನವರು. ಇಡೀ ಮಧ್ಯಾಹ್ನ ಇಂಗ್ಲಿಷ್. ಒಬ್ಬಟ್ಟು ಬಡಿಸುವಾಗ ಕೂಡ. ಅವರೇನು ಕೇಳಿಕೊಂಡಿರಲಿಲ್ಲ, ಪಾಪ. ಬೆಂಗಳೂರಿಗೆ ಹೋದಾಗ ಹೋಟೆಲಿನ ಹುಡುಗ 'ಕ್ಯಾ ಚಾಹಿಯೇ ಸರ್' ಅಂದ. ನಾನು ಯೋಚನೆಯೇ ಮಾಡದೆ 'ದೋ ಇಡ್ಲಿ, ಏಕ್ ವಡಾ' ಅಂದೆ. ಅವನು ಒಳಗೆ ಹೋಗಿ ಅಡುಗೆಯವನಿಗೆ 'ಎರಡು ಇಡ್ಲಿ ಒಂದು ವಡೆ' ಎಂದು ಕೂಗಿದ. ಅವನು ರಾಯಚೂರಿನ ಕಡೆಯವನು. ನನ್ನ ಮುಖ ನೋಡಿ ಹೊರಗಿನವನು ಅಂದುಕೊಂಡನಂತೆ. ಇಬ್ಬರು ಕನ್ನಡಿಗರು ಒಬ್ಬರಿಗೊಬ್ಬರು ಉಪಕಾರ ಮಾಡಲು ಹೋಗಿ ಹಿಂದಿಯಲ್ಲಿ ಇಡ್ಲಿ ತಿಂದೆವು.

ಇದಕ್ಕೆ ನಮ್ಮಲ್ಲಿ ಸರಿಯಾದ ಪದವೇ ಇದೆ, ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸುರಾಗಿ ಹೆರೋಕೆ ಜಾಗ ಇಲ್ಲ ಅನ್ನೋ ಗಾದೆಯೂ ನಮ್ಮದೇ. ಐರಿಶ್ ಭಾಷೆಯ ಕಥೆಯನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿ ನನಗೆ ಅನಿಸಿದ್ದು ಇಷ್ಟು. ಕಾನೂನು ಕೊಡಬಹುದಾದದ್ದನ್ನೆಲ್ಲ ಅದಕ್ಕೆ ಕೊಟ್ಟರು. ಅಂಗಡಿಯಲ್ಲಿ ಇಬ್ಬರು ಎದುರಾದಾಗ ಯಾರು ಮೊದಲು ಭಾಷೆ ಬದಲಿಸುತ್ತಾರೆ ಅನ್ನೋದನ್ನು ಕಾನೂನು ಬರೆಯೋಕಾಗಲ್ಲ. ಅಲ್ಲಿ ಪ್ರತಿ ಸಲವೂ ಐರಿಶ್‌ನವರೇ ಮೊದಲು ಬದಲಿಸಿದರು.

ಎದುರು ವಾದ ನನಗೂ ಗೊತ್ತು. ನಾವು ಎಲ್ಲಿ, ಅವರು ಎಲ್ಲಿ? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ನಮ್ಮಲ್ಲಿ ಸಂತೆ, ಜಗಳ, ಲಾಲಿ, ಶಾಪ ಎಲ್ಲ ಕನ್ನಡದಲ್ಲೇ ನಡೆಯುತ್ತವೆ. ನಿಜ, ಐರಿಶ್‌ಗೆ ಬಂದ ಗತಿ ನಾಳೆಯೇ ನಮಗೆ ಬರುತ್ತೆ ಅಂತ ಹೆದರಿಸೋದು ನನ್ನ ಉದ್ದೇಶ ಅಲ್ಲ. ಹಾಗೆ ಹೆದರಿಸುವ ಭಾಷಣಗಳನ್ನು ಕೇಳಿ ಸಾಕಾಗಿದೆ. ನಾನು ಹೇಳೋದು ಬೋರ್ಡಿನ ಮೇಲೆ ನಾವು ಇಡುವ ಭರವಸೆ ಬಗ್ಗೆ. 2024ರಲ್ಲಿ ನಾಮಫಲಕದಲ್ಲಿ 60% ಕನ್ನಡ ಇರಲೇಬೇಕು ಅಂತ ಕಾನೂನು ತಿದ್ದಿದರು. ಬೇಕು, ನಾನು ಅದರ ಪರ. ಆದರೆ ಬೋರ್ಡಿನ ಕೆಳಗೆ ನಿಂತು ನಾನೇ ಹಿಂದಿಯಲ್ಲಿ ರೇಟು ಕೇಳಿದರೆ?

ಬೋರ್ಡಿನ ವಿಷಯದಲ್ಲಿ ಇಲ್ಲೊಂದು ಸ್ವಾರಸ್ಯ ನಡೆದಿತ್ತು. ಡಿಂಗಲ್ ಅಂತ ಕೆರ್ರಿ ಜಿಲ್ಲೆಯಲ್ಲಿ ಒಂದು ಊರು. ಟೂರಿಸ್ಟರು ಮುಗಿಬೀಳುವ ಜಾಗ. 2005ರಲ್ಲಿ ಸರ್ಕಾರ ಗೇಲ್ಟಖ್ಟ್ ಊರುಗಳ ಇಂಗ್ಲಿಷ್ ಹೆಸರು ತೆಗೆದು, ಡಿಂಗಲ್‌ಗೆ ಅದರ ಐರಿಶ್ ಹೆಸರು 'ಅನ್ ಡ್ಯಾಂಗನ್' ಒಂದೇ ಅಧಿಕೃತ ಎಂದಿತು. ಊರವರಿಗೆ ಸಿಟ್ಟು ಬಂತು. ಟೂರಿಸ್ಟರಿಗೆ ಊರೇ ಸಿಗಲ್ಲ ಅಂದರು. 2006ರಲ್ಲಿ ಮತ ಹಾಕಿ ಡಿಂಗಲ್ ವಾಪಸ್ ಬೇಕು ಅಂತ ಭಾರಿ ಬಹುಮತದಲ್ಲಿ ಹೇಳಿದರು. 2011ರಲ್ಲಿ ಕಾನೂನು ಬದಲಾಯಿತು. 2014ರಲ್ಲಿ ನಾವು ಬ್ಯಾಂಗಲೋರನ್ನು ಬೆಂಗಳೂರು, ಬೆಲ್ಗಾಮನ್ನು ಬೆಳಗಾವಿ ಮಾಡಿದಾಗ ನಮ್ಮಜ್ಜಿಗೆ ಅದು ಸುದ್ದಿಯೇ ಆಗಲಿಲ್ಲ. ಅವರು ಯಾವತ್ತೂ ಬ್ಯಾಂಗಲೋರ್ ಅಂದವರೇ ಅಲ್ಲ. ಬಾಯಲ್ಲಿ ಇದ್ದ ಹೆಸರು ಬೋರ್ಡಿಗೆ ಹೋಯಿತು, ಅಷ್ಟೇ. ಡಿಂಗಲ್‌ನಲ್ಲಿ ಬೋರ್ಡಿನಿಂದ ಬಾಯಿಗೆ ಇಳಿಸಲು ಹೋದರು.

ಹಾಗಾದರೆ ಐರಿಶ್ ಎಲ್ಲೂ ಚಿಗುರಿಲ್ವಾ ಅಂದರೆ, ಚಿಗುರಿದೆ. ನನಗೆ ತುಂಬ ಇಷ್ಟವಾದ ಕಥೆ ಬೆಲ್‌ಫಾಸ್ಟಿನದ್ದು. ಅದು ಗಡಿಯ ಆ ಕಡೆ, ಬ್ರಿಟನ್ನಿನ ಆಡಳಿತದಲ್ಲಿರುವ ಊರು. 1969ರಲ್ಲಿ ಬೆರಳೆಣಿಕೆಯ ಕುಟುಂಬಗಳು ಶಾಸ್ ರೋಡ್ ಅನ್ನೋ ಕಡೆ ಅಕ್ಕಪಕ್ಕ ಮನೆ ಕಟ್ಟಿಕೊಂಡವು. ಐರಿಶ್ ಅವರ ಹುಟ್ಟುಮಾತಲ್ಲ, ಕಲಿತದ್ದು. ಮಕ್ಕಳ ಜೊತೆ ಬೇರೆ ಭಾಷೆ ಆಡುವುದಿಲ್ಲ ಅಂತ ತೀರ್ಮಾನ ಮಾಡಿದರು. 1971ರಲ್ಲಿ ಮಕ್ಕಳಿಗೆ ಒಂದು ಶಾಲೆ ತೆರೆದರು, ಮೊದಲ ವರ್ಷ 9 ಮಕ್ಕಳು. ಸರ್ಕಾರದ ದುಡ್ಡಿಲ್ಲ, ಕಾನೂನಿನ ಬೆಂಬಲ ಇಲ್ಲ. ಅಲ್ಲಿ ಐರಿಶ್‌ಗೆ ಕಾನೂನಿನ ಮಾನ್ಯತೆ ಬಂದದ್ದು 2022ರಲ್ಲಿ. ಅಷ್ಟರಲ್ಲಿ ಆ ಊರಿನಲ್ಲಿ ಐರಿಶ್ ಮಾಧ್ಯಮದ ಶಾಲೆಗಳೇ ಹಲವಾಗಿದ್ದವು. ಆ ಕುಟುಂಬಗಳು ಯಾರ ಜೊತೆಗೂ ಜಗಳ ಆಡಲಿಲ್ಲ, ಯಾರ ಬೋರ್ಡಿಗೂ ಮಸಿ ಬಳಿಯಲಿಲ್ಲ. ಭಾಷೆ ಬದಲಿಸಲಿಲ್ಲ, ಅಷ್ಟೇ.

ಸಿಂಗಪುರದಲ್ಲಿರುವ ನನ್ನ ಭಾವಮೈದ ಇದನ್ನು ಕೇಳಿ ನಗುತ್ತಾನೆ. ಅವನ ದೇಶದಲ್ಲಿ ಎಲ್ಲ ಅಚ್ಚುಕಟ್ಟು. ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್, ನಾಲ್ಕು ಅಧಿಕೃತ. ರಾಷ್ಟ್ರಗೀತೆ ಮಲಯ್‌ನಲ್ಲಿ. 2020ರ ಜನಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷೇ ಆಡುತ್ತೇವೆ ಎಂದವರು 48.3%. ಶಾಲೆಯಲ್ಲಿ ಇಂಗ್ಲಿಷಿನ ಜೊತೆ ಒಂದು 'ಮಾತೃಭಾಷೆ' ಕಲಿಯಲೇಬೇಕು. ತಮಿಳು ಬೇಡ ಅನ್ನುವ ಭಾರತೀಯ ಮಕ್ಕಳಿಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಇಲ್ಲ. ಹಾಗಾಗಿ ಅವನ ಮಗನ ಅಂಕಪಟ್ಟಿಯಲ್ಲಿ ಮಾತೃಭಾಷೆ ಹಿಂದಿ. ಅವನ ತಾಯಿ, ಅಂದರೆ ನಮ್ಮತ್ತೆ, ಮಂಡ್ಯ ಬಿಟ್ಟು ಆಚೆ ಹೋದದ್ದೇ ಕಮ್ಮಿ. ಅವರಿಗೆ ಇದನ್ನು ಹೇಗೆ ಹೇಳೋದು ಅಂತ ಅವನಿಗೆ ಇನ್ನೂ ಗೊತ್ತಾಗಿಲ್ಲ.

ಬೆಂಗಳೂರಿಗೆ ಬಂದ ಹೊರಗಿನವರ ಬಗ್ಗೆ ಒಂದು ಮಾತು. ಕಲಿಯಲ್ಲ, ಸೊಕ್ಕು ಅಂತ ಬೈಯುವವರು ಬಹಳ. ಸೊಕ್ಕಿನವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನನ್ನ ಹಳೆಯ ಆಫೀಸಿನ ಒಬ್ಬ ಒಡಿಶಾದ ಹುಡುಗ ಹೇಳಿದ್ದು ನನಗೆ ಮರೆಯಲ್ಲ. 'ನಾನು ಎರಡು ಪದ ಕನ್ನಡ ಆಡುತ್ತೇನೆ, ಅವರು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಕಲಿಯೋದು ಎಲ್ಲಿಂದ?' ಅಂದ. ನನ್ನ ಮಗಳ ಐಸ್‌ಕ್ರೀಮಿನ ಕಥೆಯೇ ಅವನದ್ದೂ. ಇಂಗ್ಲಿಷ್ ಲೋಕದಲ್ಲೆಲ್ಲ ಹರಡಿದ್ದಕ್ಕೆ ನೂರು ಕಾರಣ ಇವೆ, ತೋಪು ಬಂದೂಕು ಎಲ್ಲ ಸೇರಿ. ಆದರೆ ಇವತ್ತು ಡಬ್ಲಿನ್ ಬಸ್ಸಿನಲ್ಲಿ ಬ್ರೆಜಿಲ್‌ನವನು, ಪೋಲೆಂಡಿನವಳು, ನಾನು ಮೂವರೂ ಮುರುಕು ಇಂಗ್ಲಿಷ್ ಆಡುತ್ತೇವೆ. ಯಾರೂ ನಮ್ಮ ಭಾಷೆಗೆ ತಿರುಗಿ ಉಪಕಾರ ಮಾಡಲ್ಲ. ಅದಕ್ಕೇ ಅದು ನಮ್ಮೆಲ್ಲರಿಗೂ ಬಂತು.

ಅದಕ್ಕೆ ಕಳೆದ ಸಲ ಊರಿಗೆ ಹೋದಾಗ ಒಂದು ಸಣ್ಣ ಪಣ ತೊಟ್ಟೆ. ಎದುರಿನವರು ಯಾವ ಭಾಷೆಯಲ್ಲಿ ಶುರು ಮಾಡಿದರೂ ಎರಡು ವಾಕ್ಯ ಕನ್ನಡದಲ್ಲೇ, ನಿಧಾನವಾಗಿ, ನಗುನಗುತ್ತಾ. ಮೂರನೆಯದರಲ್ಲೂ ಆಗಲಿಲ್ಲ ಅಂದರೆ ಬದಲಿಸೋದು. ಮೂರು ವಾರದಲ್ಲಿ ಬದಲಿಸಬೇಕಾದದ್ದು ತುಂಬ ಕಮ್ಮಿ ಸಲ. ಕಷ್ಟ ಆದದ್ದು ನನ್ನ ನಾಲಿಗೆಗೆ.

ಮನೆಯೊಳಗೆ ಇನ್ನೂ ಕಷ್ಟ. ಮಗಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ, ಆಫೀಸಿನ ಸುಸ್ತಿನಲ್ಲಿ ನಾನು ಇಂಗ್ಲಿಷಿನಲ್ಲೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಅಮ್ಮ ಗಟ್ಟಿ. ಅವರಿಗೆ ಇಂಗ್ಲಿಷ್ ಬರಲ್ಲ ಅನ್ನೋದು ಅದಕ್ಕೆ ಕಾರಣ ಅಂತ ಹೇಳೋಣ, ಆದರೆ ಬಂದಿದ್ದರೂ ಬದಲಿಸುತ್ತಿರಲಿಲ್ಲ ಅಂತ ನನ್ನ ಅನುಮಾನ. ಪ್ರತಿ ಭಾನುವಾರ ವಿಡಿಯೋ ಕಾಲ್. ಕಳೆದ ವಾರ ಮಗಳಿಗೆ ಹಸಿವಾಗಿತ್ತು. ಕನ್ನಡದಲ್ಲಿ ಹೇಗೆ ಹೇಳೋದು ಅಂತ ತಡಕಾಡಿದಳು. ಇಂಗ್ಲಿಷ್ ಅಜ್ಜಿ ಹತ್ತಿರ ನಡೆಯಲ್ಲ. ಕೊನೆಗೆ ಐರಿಶ್‌ನಿಂದ ಎಳೆದು ತಂದಳು.

'ಅಜ್ಜಿ, ನನ್ನ ಮೇಲೆ ಹಸಿವು ಇದೆ.'

ಅಮ್ಮ ಒಂದು ಕ್ಷಣ ಫೋನಿಗೆ ಮುಖ ಹತ್ತಿರ ತಂದು ನೋಡಿದರು.

'ಹಂಗಾದ್ರೆ ಅದನ್ನ ಕೆಳಗಿಳಿಸಿ ಹೋಗಿ ಊಟ ಮಾಡು ಪುಟ್ಟಿ. ಆಮೇಲೆ ಮಾತಾಡಣ.'